ಬೋರಲು ಹಾಕದ ಪಾತ್ರೆಗಳು

ಗೋವಿಂದರಾಜನಗರದ ಆ ವಠಾರದಲ್ಲಿ ಯಾರ ಮನೆಯ ಸಾರಿಗೆ ಉಪ್ಪು ಹೆಚ್ಚಾಯಿತೆಂಬುದೂ ಮನೆಯ ಒಡತಿ ಗಂಗಲಕ್ಷ್ಮಮ್ಮನಿಗೆ ಗೊತ್ತಾಗಬೇಕು. ಇಲ್ಲದಿದ್ದರೆ ಆಕೆಗೆ ಅನ್ನ ಸೇರುವುದಿಲ್ಲ. ಹಾಗಿರುವಾಗ, ಹೊಸದಾಗಿ ಬಾಡಿಗೆಗೆ ಬಂದ ಗುಲಾಬಿ ತೊಳೆದ ಪಾತ್ರೆಗಳನ್ನೆಲ್ಲ ಬಾಯಿ ಮೇಲೆ ಮಾಡಿಯೇ ಇಡುವುದನ್ನು ಕಂಡು ಸುಮ್ಮನಿರುವುದುಂಟೇ?

"ಬೋರಲು ಹಾಕಿದ್ರೆ ನೀರು ಸೋರಿ ಒಣಗ್ತವೆ ಕಣೇ. ಹಿಂಗಿಟ್ರೆ ಕಾಗೆ ಬಾಯಿ ಹಾಕುತ್ತೆ ಅಷ್ಟೆ."

"ನನ್ನ ತಮ್ಮ ಕಡಲಿಗೆ ಹೋಗಿದ್ದಾನೆ ಅಮ್ಮ. ಅವ ದಡಕ್ಕೆ ಬರುವವರೆಗೆ ಮನೆಯಲ್ಲಿ ಏನನ್ನೂ ಕವುಚಿ ಇಡಬಾರದು. ಇಟ್ಟರೆ ದೋಣಿ ಮಗುಚ್ತದೆ."

ಗುಲಾಬಿಯದು ಕುಂದಾಪುರದ ಕಡೆಯ ಮೀನುಗಾರರ ಹಳ್ಳಿ. ವರ್ಷವರ್ಷವೂ ಬಿರುಗಾಳಿಗೆ ಹೆಂಚು ಕಳೆದುಕೊಳ್ಳುವ ಊರು. ಗಂಡನಿಗೆ ರಾಜಾಜಿನಗರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಇಲ್ಲಿಗೆ ಬಂದಿದ್ದಳು. ಗಂಗಲಕ್ಷ್ಮಮ್ಮ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಆದರೂ ಮಾರನೆಯ ದಿನದಿಂದ ಸೊಪ್ಪು ಬಿಡಿಸುವ ನೆಪದಲ್ಲಿ ಅವಳ ಹೊಸ್ತಿಲಲ್ಲೇ ಠಿಕಾಣಿ ಹೂಡಿದಳು. ಚಪ್ಪಲಿ ಮಗುಚಿ ಬಿದ್ದರೆ ಏನಾಗುತ್ತೆ? ನೀರಲ್ಲಿ ಸತ್ತವರು ಹೆಸರು ಹಿಡಿದು ಕರೀತಾರಂತೆ, ಹೌದಾ?

"ಹೌದಂತೆ. ಮೂರು ಸಲ ಕರೆಯುವವರೆಗೆ ಓಗೊಡಬಾರದು."

"ಅದಿರಲಿ, ಗೋವಿಂದರಾಜನಗರದ ಪಾತ್ರೆ ಆ ಕಡಲಿಗೆ ಕಾಣುತ್ತಾ?"

"ಕಡಲಿಗೆ ಕಾಣುವುದಿಲ್ಲ ಅಮ್ಮ. ಆದರೆ ಕವುಚಿ ಇಟ್ಟದ್ದು ನನಗೆ ಗೊತ್ತಿರ್ತದಲ್ಲ."



ಅದೇ ವಾರ ಟ್ರಾನ್ಸಿಸ್ಟರಿನಲ್ಲಿ ಸುದ್ದಿ ಬಂತು. ಕರಾವಳಿಯಲ್ಲಿ ಚಂಡಮಾರುತ, ಹಲವು ದೋಣಿಗಳು ಮರಳಿಲ್ಲ. ಗುಲಾಬಿ ಒಲೆ ಹಚ್ಚದೆ ಗೋಡೆಗೆ ಒರಗಿ ಕೂತಳು. ಆ ಮುಖ ನೋಡಿ ಗಂಗಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಇಡೀ ವಠಾರ ಸುತ್ತಿದಳು. ಯಾರ ಬಕೆಟ್ಟು, ಯಾರ ಚೊಂಬು ಎಂದು ನೋಡದೆ ಬೋರಲು ಬಿದ್ದದ್ದನ್ನೆಲ್ಲ ಎತ್ತಿ ನೆಟ್ಟಗೆ ಮಾಡಿದಳು. ಕೊನೆಗೆ ಉಳಿದದ್ದು ಅವಳದೇ ಕೋಳಿಗಳ ಮೇಲೆ ಮುಚ್ಚಿದ್ದ ಮಂಕರಿ. ಒಂದು ಗಳಿಗೆ ಯೋಚಿಸಿ ಅದನ್ನೂ ಎತ್ತಿಬಿಟ್ಟಳು. ಕೋಳಿಗಳು ಬೀದಿಪಾಲಾದವು.

"ತಲೆ ಕೆಟ್ಟಿದೆಯೇನೇ ನಿನಗೆ?" ಎಂದು ಗಂಡ ಮುನಿಯಪ್ಪ ರೇಗಿದ.

"ಮಂಕರಿನೂ ಬೋರಲೇ ಅಲ್ವಾ?" ಎಂದಳು.

ಮರುದಿನ ಮಧ್ಯಾಹ್ನ ಗುಲಾಬಿಯ ಗಂಡ ಓಡಿಬಂದ. ಕಾರ್ಖಾನೆಗೆ ಊರಿಂದ ಫೋನ್ ಬಂದಿತ್ತು. ತಮ್ಮ ದಡ ಸೇರಿದ್ದ. ಗುಲಾಬಿ ಬಿಕ್ಕಿ ಬಿಕ್ಕಿ ಅತ್ತಳು. ಗಂಗಲಕ್ಷ್ಮಮ್ಮ ತಾನೇ ಹೆತ್ತ ಮಗ ಬಂದಷ್ಟು ಹಿಗ್ಗಿ, ಬೀದಿಯೆಲ್ಲ ಅಲೆದು ಕೋಳಿಗಳನ್ನು ಹಿಡಿದು ತಂದಳು. ನೋಡಿದರೆ, ಗುಲಾಬಿ ತೊಳೆದ ಚೊಂಬನ್ನು ಮತ್ತೆ ಬಾಯಿ ಮೇಲಾಗಿಯೇ ಇಡುತ್ತಿದ್ದಾಳೆ.

"ಬಂದನಲ್ಲೇ ನಿನ್ನ ತಮ್ಮ. ಇನ್ಯಾಕೆ?"

"ತಮ್ಮ ಬಂದ ಅಮ್ಮ. ಊರಲ್ಲಿ ನಮ್ಮ ಪಕ್ಕದ ಮನೆಯ ಬಾಬಣ್ಣನ ದೋಣಿ ಇನ್ನೂ ಬರ್ಲಿಲ್ಲ."

ಕಂಕುಳಲ್ಲಿ ಕೋಳಿ ಒದ್ದಾಡುತ್ತಿದ್ದರೂ ಗಂಗಲಕ್ಷ್ಮಮ್ಮ ನಿಂತೇ ಇದ್ದಳು. "ಮಕ್ಕಳಿದಾವಾ ಅವನಿಗೆ?"

"ಒಂದು ಹೆಣ್ಣು. ಈಗಷ್ಟೇ ನಡೆಯಲಿಕ್ಕೆ ಕಲ್ತಿದೆ."

ಗಂಗಲಕ್ಷ್ಮಮ್ಮ ಮಂಕರಿ ಮುಟ್ಟದೆ ಕೋಳಿಗಳನ್ನೆಲ್ಲ ತನ್ನ ಅಡಿಗೆಮನೆಯೊಳಗೆ ಬಿಟ್ಟು ಬಾಗಿಲು ಹಾಕಿದಳು.

"ಅಲ್ಲಿಗೆ ಹೋಗಬೇಡಿ," ಎಂದಳು ಮುನಿಯಪ್ಪನಿಗೆ. "ಬಾಬಣ್ಣ ಬರೋ ತನಕ ಕೋಳಿ ಅಲ್ಲೇ ಇರ್ತವೆ."

"ಯಾವ ಬಾಬಣ್ಣನೇ?"

"ನಮ್ಮೋನೇ," ಎಂದು ಕಣ್ಣೊರೆಸಿಕೊಂಡಳು.