ಕೂಡಿಟ್ಟ ಆರು ದಿನ

ಬೆಳಗ್ಗೆ ಎಂಟು ಗಂಟೆ. ಮಗುವಿನ ಹಣೆ ಸುಡುತ್ತಿದೆ, ಅಪ್ಪ ಅಮ್ಮ ಇಬ್ಬರಿಗೂ ಕೆಲಸಕ್ಕೆ ಹೊತ್ತಾಗಿದೆ. "ಸ್ವಲ್ಪ ಬೆಚ್ಚಗಿದೆ ಅಷ್ಟೇ, ಸಂಜೆವರೆಗೆ ಇಟ್ಕೊಳ್ಳಿ" ಎಂದು ಬಾಗಿಲಲ್ಲಿ ನಿಂತು ಬೇಡಿಕೊಳ್ಳುತ್ತಾರೆ. ಚಿಕ್ಕ ಮಕ್ಕಳಿರುವ ಯಾವ ಮನೆಗೆ ಈ ಪಾಡು ಗೊತ್ತಿಲ್ಲ, ಹೇಳಿ.

ನಾನು ನಡೆಸುವುದು ಮಕ್ಕಳನ್ನು ನೋಡಿಕೊಳ್ಳುವ ಮನೆ. ಕೆಲಸಕ್ಕೆ ಹೋಗುವವರು ಬೆಳಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಹೋಗುತ್ತಾರೆ. ಹದಿನೆಂಟು ಮಕ್ಕಳು, ಎರಡು ಕೋಣೆ, ಒಂದು ಅಡುಗೆಮನೆ. ನನ್ನನ್ನು ಬಿಟ್ಟರೆ ಕೆಲಸಕ್ಕೆ ಮೂವರು ಹೆಂಗಸರು. ಮಕ್ಕಳು ನನ್ನನ್ನು ದೊಡ್ಡಮ್ಮ ಎನ್ನುತ್ತವೆ. ಆ ದೊಡ್ಡಮ್ಮ ಎಂಥ ಕೆಲಸ ಮಾಡಿದಳು ಎಂದು ಹೇಳುವುದಕ್ಕೇ ಇವತ್ತು ನಿಮ್ಮ ಮುಂದೆ ಕೂತಿದ್ದೇನೆ.

ತೊಟ್ಟಿಲ ಕೋಣೆಯಲ್ಲಿ ಐದು ಕೂಸುಗಳು. ಅವುಗಳನ್ನು ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಜೋಜೋ ಎಂದೇ ಕರೆಯುತ್ತಿದ್ದೆವು. ಮಾತು ಬರುವ ಮೊದಲೇ ಮಕ್ಕಳು ಅವಳನ್ನು ಹಾಗೆ ಕೂಗುತ್ತಿದ್ದವು, ನಮಗೂ ಅದೇ ಬಾಯಿಗೆ ಬಂತು. ನಲವತ್ತೈದು ದಾಟಿದ ಗಟ್ಟಿ ಹೆಂಗಸು. ಎಡ ಸೊಂಟದ ಮೇಲೆ ಸದಾ ಒಂದು ಮಗು ಕೂತೇ ಇರುತ್ತಿತ್ತು. ದಿನವೂ ಬಾಗಿಲಲ್ಲಿ ಥರ್ಮಾಮೀಟರ್ ಹಿಡಿದು ನಿಲ್ಲುವವಳೂ ಅವಳೇ. ಜ್ವರದ ಗೆರೆ ದಾಟಿದರೆ ಮಗು ಮನೆಗೆ ವಾಪಸ್ಸು. "ನಿಮ್ಮ ಮೀಟಿಂಗು ಗೀಟಿಂಗು ನಂಗೆ ಗೊತ್ತಿಲ್ಲ ಸಾರ್, ಈ ಕಡ್ಡಿ ಹೇಳಿದ್ದೇ ಮಾತು" ಎಂದು ಎಂಥವರನ್ನೂ ನಗಿಸಿಯೇ ಕಳಿಸುತ್ತಿದ್ದಳು.

ಮಕ್ಕಳ ಜ್ವರಕ್ಕೆ ನಮ್ಮಲ್ಲಿ ಇಷ್ಟು ಕಟ್ಟುನಿಟ್ಟು. ಕಡ್ಡಿ ಹಿಡಿದವಳಿಗೇ ಜ್ವರ ಬಂದರೆ ಏನು ಮಾಡಬೇಕು ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ.

ನನ್ನ ರಜೆಯ ನಿಯಮ ಕೇಳಿ. ವರ್ಷಕ್ಕೆ ಹತ್ತು ದಿನ. ಕಾಯಿಲೆ ಬಿದ್ದರೂ ಅದರಲ್ಲೇ, ನೆಂಟರ ಮನೆಗೆ ಹೋದರೂ ಅದರಲ್ಲೇ, ಸುಮ್ಮನೆ ಕಾಲು ಚಾಚಿ ಮಲಗಬೇಕೆಂದರೂ ಅದರಲ್ಲೇ. ಯಾವ ಕಾರಣಕ್ಕೆ ನಮ್ಮ ಈ ಕೇಂದ್ರ ಮುಚ್ಚಿದರೂ ಆ ದಿನಗಳು ಅವರ ಹತ್ತರಿಂದಲೇ ಹೋಗಬೇಕು. ರಜೆ ಬೇಕಾದವರು ಬದಲಿಯನ್ನು ತಾವೇ ಹುಡುಕಿ ತರಬೇಕು. ಸಾಲದ್ದಕ್ಕೆ ಅಡುಗೆಮನೆ ಗೋಡೆಯ ಮೇಲೊಂದು ಹಾಳೆ. ಚೆಲ್ಲದೆ ಉಂಡ ಮಕ್ಕಳಿಗೆ ಅಂಟಿಸುತ್ತೇವಲ್ಲ, ಅದೇ ಬಣ್ಣಬಣ್ಣದ ನಕ್ಷತ್ರವನ್ನು ತಿಂಗಳೆಲ್ಲ ಒಂದು ದಿನವೂ ತಪ್ಪಿಸದವರ ಹೆಸರಿನ ಮುಂದೆ ಅಂಟಿಸುತ್ತಿದ್ದೆ. ಬೆಳೆದ ಹೆಂಗಸರಿಗೆ! ಜೋಜೋಳ ಸಾಲಿನಲ್ಲಿ ಏಳು ನಕ್ಷತ್ರಗಳಿದ್ದವು. ಬಂದವರಿಗೆಲ್ಲ ತೋರಿಸಿ ಬೀಗುತ್ತಿದ್ದೆ.

ಅವಳಿಗೆ ನಕ್ಷತ್ರ ಬೇಕಿರಲಿಲ್ಲ. ದಿನ ಬೇಕಿತ್ತು. ತಾಯಿಯಿಲ್ಲದ ಅವಳನ್ನು ಎತ್ತಿ ಬೆಳೆಸಿದ ಅಕ್ಕ ದೂರದ ಊರಲ್ಲಿ ಹಾಸಿಗೆ ಹಿಡಿದಿದ್ದಳು. ಬಸ್ಸಿನಲ್ಲಿ ಒಂದೂವರೆ ದಿನದ ದಾರಿ. ವರ್ಷದ ಮೊದಲಲ್ಲೇ ಸೊಂಟ ಹಿಡಿದು ನಾಲ್ಕು ದಿನ ಕಳೆದಿದ್ದವು. ಉಳಿದ ಆರನ್ನು ಮುಟ್ಟದೆ ಇಟ್ಟುಕೊಂಡು, ತಿಂಗಳ ಕೊನೆಗೆ ಟಿಕೆಟ್ ಮಾಡಿಸಿದ್ದಳು.

"ಹೋಗೋಕೆ ಒಂದೂವರೆ, ಬರೋಕೆ ಒಂದೂವರೆ. ಮಧ್ಯ ಮೂರು ದಿನ ಅಕ್ಕನ ಪಕ್ಕ ಕೂತ್ಕೊಳ್ತೀನಿ ದೊಡ್ಡಮ್ಮ. ಚಿಕ್ಕೋಳಿದ್ದಾಗ ನಂಗೆ ಜಡೆ ಹಾಕ್ತಿದ್ದೋಳು ಅವಳೇ. ಈಗ ಅವಳ ತಲೆ ಬಾಚೋರಿಲ್ವಂತೆ" ಎಂದಿದ್ದಳು.

ತಿಂಗಳ ಮೊದಲ ವಾರ ಅವಳಿಗೆ ಕೆಮ್ಮು ಹತ್ತಿತು. ಒಂದು ಬೆಳಗ್ಗೆ ಮುಖ ಕೆಂಪಗಾಗಿತ್ತು.

"ಏನೇ, ಮುಖ ಹೀಗಾಗಿದೆ?" ಎಂದೆ.

"ಒಲೆ ಹತ್ರ ನಿಂತಿದ್ದೆ, ಅದಕ್ಕೇ" ಎಂದಳು.

ತೊಟ್ಟಿಲ ಕೋಣೆಯವಳಿಗೂ ಒಲೆಗೂ ಏನು ಸಂಬಂಧ? ನನಗೆ ಗೊತ್ತಾಯಿತು. ಗೊತ್ತಾಗದವಳ ಹಾಗೆ ಇದ್ದುಬಿಟ್ಟೆ, ಯಾಕೆಂದರೆ ಅವಳು ಮನೆಗೆ ಹೋದರೆ ಕೂಸುಗಳು ನನ್ನ ತಲೆಗೆ ಬರುತ್ತಿದ್ದವು. ಆಮೇಲೆ ಅಡುಗೆಯವಳು ಹೇಳಿದಳು: ಜೋಜೋ ದಿನಾ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಬಚ್ಚಲಲ್ಲಿ ಕಡ್ಡಿಯನ್ನು ತನ್ನ ಕಂಕುಳಲ್ಲೇ ಇಟ್ಟುಕೊಂಡು ನೋಡಿ, ಕೊಡವಿ ಇಳಿಸಿ, ಸೋಪು ಹಾಕಿ ತೊಳೆದು, ಬಾಗಿಲಿಗೆ ಬಂದು ನಿಲ್ಲುತ್ತಿದ್ದಳಂತೆ. ಗೆರೆ ದಾಟಿದ್ದು ಅವಳಿಗೂ ಗೊತ್ತಿತ್ತು. ಒಂದು ದಿನ ಮಲಗಿದರೆ ಅಕ್ಕನ ಮೂರು ದಿನ ಎರಡಾಗುತ್ತದೆ ಎನ್ನುವುದೂ ಗೊತ್ತಿತ್ತು.

ನಾಲ್ಕನೇ ದಿನಕ್ಕೆ ಐದು ಕೂಸುಗಳಲ್ಲಿ ನಾಲ್ಕಕ್ಕೆ ಜ್ವರ. ಎಲ್ಲಕ್ಕಿಂತ ಚಿಕ್ಕದನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಉಸಿರಿಗೆ ಒದ್ದಾಡಿದ ಆ ಕೂಸು ಮೂರು ದಿನದ ಮೇಲೆ ಹಾಲು ಕುಡಿಯಿತು. ನಾನು ಐದು ದಿನ ಬಾಗಿಲು ಹಾಕಿದೆ. ಆರನೇ ದಿನ ತೆರೆದಾಗ ಜೋಜೋಗೆ ಎದ್ದು ನಿಲ್ಲಲೂ ಆಗಲಿಲ್ಲ. ನಿಯಮದ ಪ್ರಕಾರ ಮುಚ್ಚಿದ್ದು ಐದು, ಅವಳು ಬಾರದ್ದು ಒಂದು. ಅವಳು ಕೂಡಿಟ್ಟಿದ್ದ ಆರೂ ಮುಗಿದವು.

ಏಳನೇ ದಿನ ಗೋಡೆ ಹಿಡಿದುಕೊಂಡು ಬಂದಳು.

"ಸಂಬಳ ಹಿಡ್ಕೊಳ್ಳಿ ದೊಡ್ಡಮ್ಮ, ಬೇಡ ಅನ್ನಲ್ಲ. ಟಿಕೆಟ್ ಆಗಿದೆ, ಒಂದ್ಸಲ ಹೋಗಿ ಬಂದ್ಬಿಡ್ತೀನಿ."

"ನಿಂಗೆ ರಜೆ ಕೊಟ್ರೆ ನಾಳೆ ಇನ್ನೊಬ್ಳು ಬಂದು ಕೂತ್ಕೊಳ್ತಾಳೆ. ನಿಯಮ ಅಂದ್ಮೇಲೆ ಎಲ್ರಿಗೂ ಒಂದೇ. ಬದಲಿ ಯಾರನ್ನಾದ್ರೂ ಕರ್ಕೊಂಡು ಬಾ, ಹೋಗು."

"ನಾಲ್ಕು ಜನರನ್ನ ಕೇಳ್ದೆ. ಯಾರೂ ಬರಲ್ಲ ಅಂದ್ರು."

"ಹಂಗಾದ್ರೆ ಇನ್ನೆರಡು ತಿಂಗಳು ತಡ್ಕೋ. ಹೊಸ ವರ್ಷದ ರಜೆ ಶುರುವಾಗತ್ತೆ. ನಿಮ್ಮಕ್ಕ ಎಲ್ಲಿ ಹೋಗ್ತಾಳೆ?"

ಹೌದು, ಹಾಗೇ ಅಂದೆ. ಅವಳು ತಿರುಗಿ, ಅಳುತ್ತಿದ್ದ ಒಂದು ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಒಳಗೆ ಹೋದಳು.

ಅವಳು ಟಿಕೆಟ್ ವಾಪಸ್ಸು ಕೊಟ್ಟಳು. ಹೊರಡಬೇಕಿದ್ದ ದಿನ ಕಳೆದು ಹನ್ನೊಂದನೇ ದಿನ. ಮಧ್ಯಾಹ್ನ ಮಕ್ಕಳೆಲ್ಲ ಮಲಗಿದ್ದ ಹೊತ್ತು. ಅಕ್ಕನ ಮಗ ಫೋನ್ ಮಾಡಿದ. ಜೋಜೋಳ ಒಂದು ಕೈಯಲ್ಲಿ ಫೋನ್, ಇನ್ನೊಂದು ಹೆಗಲ ಮೇಲೆ ಆಗಷ್ಟೇ ಕಣ್ಣು ಮುಚ್ಚಿದ್ದ ಕೂಸು. "ಹೂಂ" ಎಂದಳು. ಮತ್ತೆ "ಹೂಂ" ಎಂದಳು. ಫೋನ್ ಇಟ್ಟು, ಕೂಸಿನ ಬೆನ್ನು ತಟ್ಟುತ್ತಲೇ ನಿಂತಳು. ನಾನು ಗಾಬರಿಯಿಂದ ಏನಾಯ್ತೇ ಎಂದು ಕೂಗಿದೆ.

"ಮೆಲ್ಲಗೆ. ಮಲಗಿದ್ದಾವೆ. ಅಕ್ಕ ಹೋದ್ಲು" ಎಂದಳು.

ಐದು ಕೂಸುಗಳು ಎಚ್ಚರವಾಗದ ಹಾಗೆ ಅತ್ತಳು. ಬಾಯಿಗೆ ಸೆರಗು ತುರುಕಿಕೊಂಡು, ಸದ್ದೇ ಇಲ್ಲದೆ. ಹೆಗಲ ಮೇಲಿದ್ದದ್ದನ್ನು ನಾನು ತೆಗೆದುಕೊಳ್ಳಲು ಹೋದರೆ ಕೊಡಲಿಲ್ಲ. ನನ್ನ ಜೀವಮಾನದಲ್ಲಿ ಅಂಥ ಅಳು ನೋಡಿಲ್ಲ, ನೋಡುವುದೂ ಬೇಡ. ಅವತ್ತೇ ಬಸ್ಸು ಹತ್ತಿದರೂ ಅವಳು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಕ್ಕನ ಬಾಚಣಿಗೆ ಮಾತ್ರ ಸಿಕ್ಕಿತಂತೆ.

ಆ ವಾರವೇ ಮಕ್ಕಳಿಗೆ ಲಸಿಕೆ ಹಾಕುವ ನರ್ಸಮ್ಮ ಬಂದರು. ಬಹಳ ವರ್ಷದ ಪರಿಚಯ. ಮಾತಿಗೆ ಮುಲಾಜು ಇಟ್ಟುಕೊಂಡವರಲ್ಲ. ಜೋಜೋ ಎಲ್ಲಿ ಎಂದು ಕೇಳಿದರು. ನಡೆದದ್ದನ್ನೆಲ್ಲ ಹೇಳಿದೆ. ಸಮಾಧಾನ ಹೇಳುತ್ತಾರೆ ಎಂದುಕೊಂಡಿದ್ದೆ.

"ಜ್ವರ ಬಂದೋಳ ಕೈಗೆ ಕೂಸು ಕೊಟ್ಟಿದ್ದು ನೀವು. ಅವಳು ಅಡಗಿಸೋ ಹಾಗೆ ಮಾಡಿದ್ದೂ ನೀವೇ" ಎಂದರು.

ನನಗೆ ಸಿಟ್ಟು ಬಂತು. "ಕಾಯಿಲೆಗೇ ಬೇರೆ ರಜೆ ಇಟ್ರೆ ಸುಳ್ಳು ಹೇಳಿ ಮನೇಲಿ ಕೂತ್ಕೊಳ್ಳಲ್ವಾ?"

"ಈಗ ಸುಳ್ಳು ಹೇಳಿ ಕೆಲಸಕ್ಕೆ ಬಂದ್ಲಲ್ಲ, ಅದಕ್ಕೇನಂತೀರಿ?"

"ಒಬ್ಳು ಹೋದ್ರೆ ಕೋಣೆ ನೋಡೋರು ಯಾರು?"

"ಐದು ದಿನ ಬಾಗಿಲೇ ಹಾಕಿದ್ರಲ್ಲ, ಆಗ ಯಾರು ನೋಡಿದ್ರು?"

ನರ್ಸಮ್ಮ ಕುರ್ಚಿ ಎಳೆದುಕೊಂಡು ಕೂತರು. "ನೋಡಿ, ಕಾಯಿಲೆ ರಜೆ ಬೇರೆ, ವಿಶ್ರಾಂತಿ ರಜೆ ಬೇರೆ. ಒಂದೇ ಡಬ್ಬೀಲಿ ಹಾಕಿದ್ರೆ ಜನ ಕಾಯಿಲೇನ ನುಂಗ್ಕೊಂಡು ರಜೆ ಉಳಿಸ್ತಾರೆ. ಎರಡಕ್ಕೂ ಸಂಬಳ ಇರ್ಬೇಕು. ಬದಲಿ ಹುಡುಕೋದು ನಡೆಸೋರ ಕೆಲಸ, ಮಲಗಿದೋರದ್ದಲ್ಲ. ನಂಬಿಕಸ್ತರು ಇಬ್ರನ್ನ ಹಿಡೀರಿ, ಪೂರ್ತಿ ವಿಚಾರಿಸಿ, ಕೆಲಸ ಕಲಿಸಿ, ತಿಂಗಳಿಗೆ ಒಂದು ದಿನ ಕರೀರಿ. ಮಕ್ಕಳಿಗೂ ಮುಖ ಪರಿಚಯ ಆಗತ್ತೆ. ಮನೇಲಿ ಯಾರಾದ್ರೂ ತೀರ್ಕೊಂಡ್ರೆ, ಸಾಯೋ ಸ್ಥಿತೀಲಿದ್ರೆ, ಅದಕ್ಕೆ ಇನ್ನೊಂದಷ್ಟು ದಿನ. ಅದಕ್ಕೆ ಯಾರೂ ನಿಮ್ಮ ಕಾಲು ಹಿಡೀಬಾರ್ದು. ಮೊದ್ಲು ಆ ನಕ್ಷತ್ರದ ಹಾಳೆ ಕಿತ್ತು ಬಿಸಾಕಿ."

"ಅಷ್ಟಕ್ಕೆಲ್ಲ ಖರ್ಚು?"

"ನನ್ನನ್ನ್ಯಾಕೆ ಕೇಳ್ತೀರಿ? ಮಕ್ಕಳ ಅಪ್ಪ ಅಮ್ಮನ್ನ ಕೇಳಿ. ಕೆಲಸದೋರನ್ನೂ ಕೂರಿಸ್ಕೊಳ್ಳಿ. ಅವರ ರಜೆ ಬಗ್ಗೆ ಅವರನ್ನ ಬಿಟ್ಟು ನಿಯಮ ಮಾಡ್ಬೇಡಿ."

ಶನಿವಾರ ಸಂಜೆ ಎಲ್ಲರನ್ನೂ ಕರೆದೆ. ದೊಡ್ಡವರೆಲ್ಲ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಮಡಿಸಿಕೊಂಡು ಕೂತರು. ಆಸ್ಪತ್ರೆ ಸೇರಿದ್ದ ಕೂಸಿನ ಅಪ್ಪ ಬಸ್ ಡ್ರೈವರ್. ಅವನು ಎದ್ದು ನಿಂತಾಗ ಈಗ ಗ್ರಹಚಾರ ಬಿಡಿಸುತ್ತಾನೆ ಎಂದುಕೊಂಡು ತಲೆ ತಗ್ಗಿಸಿದೆ.

"ಜ್ವರ ಇದ್ರೆ ಡಿಪೋದಲ್ಲಿ ನಂಗೆ ಸ್ಟೇರಿಂಗ್ ಮುಟ್ಟೋಕೆ ಬಿಡಲ್ಲ, ಸಂಬಳಾನೂ ಹಿಡಿಯಲ್ಲ. ನನ್ನ ಮಗೂನ ಎತ್ಕೊಳ್ಳೋರಿಗೆ ಅಷ್ಟೂ ಇಲ್ಲ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಫೀಸು ಸ್ವಲ್ಪ ಹೆಚ್ಚು ಮಾಡಿ, ಕೊಡ್ತೀವಿ" ಎಂದ.

ಕೆಲವರು ಮುಖ ಸಿಂಡರಿಸಿದರು. ಕೊನೆಗೆ ಒಪ್ಪಿದರು. ಅರ್ಧ ದಿನ ಬರುವ ಕಿರಿಯವಳು, ಮಕ್ಕಳ ಬಾಯಲ್ಲಿ ಚಿಕ್ಕಿ, ಮೂಲೆಯಿಂದ ಮೆಲ್ಲಗೆ ಕೇಳಿದಳು: "ಅರ್ಧ ದಿನದೋರಿಗೂ ಉಂಟಾ?" ಉಂಟು, ಕೆಲಸಕ್ಕೆ ತಕ್ಕ ಹಾಗೆ ನಿನಗೂ ಉಂಟು ಎಂದೆ. ಅಡುಗೆಯವಳು, ವಿಶ್ರಾಂತಿ ರಜೆ ಯಾರದ್ದು ಯಾವಾಗ ಎಂದು ವರ್ಷದ ಮೊದಲಲ್ಲೇ ಬರೆದು ಗೋಡೆಗೆ ಹಾಕಿ, ಮುಖ ನೋಡಿ ಕೊಡಬೇಡಿ ಎಂದಳು. ನನಗೆ ಚುಚ್ಚಿದ್ದೇ, ಆದರೆ ನ್ಯಾಯವಾದ ಮಾತು. ಕೇಂದ್ರ ಮುಚ್ಚಿದ ದಿನಗಳು ಇನ್ನು ಯಾರ ರಜೆಯಿಂದಲೂ ಹೋಗುವುದಿಲ್ಲ ಎಂದು ನಾನೇ ಬರೆದು ಸಹಿ ಹಾಕಿದೆ.

ಜೋಜೋ ಹದಿಮೂರು ದಿನದ ಮೇಲೆ ಬಂದಳು. ಸಣ್ಣಗಾಗಿದ್ದಳು. ಅವಳ ಆರು ದಿನವನ್ನೂ ವಾಪಸ್ಸು ಸೇರಿಸಿದ್ದ ಹೊಸ ಹಾಳೆಯನ್ನು ಅವಳ ಕೈಗೆ ಕೊಟ್ಟು, ತಪ್ಪಾಯಿತು ಎಂದೆ. ಎರಡು ಸಲ ಓದಿದಳು.

"ಈಗ ಕೊಟ್ರಿ. ಯಾರನ್ನ ನೋಡೋಕೆ ಹೋಗ್ಲಿ ದೊಡ್ಡಮ್ಮ?"

 

ಅವಳು ಹಾಳೆ ಮಡಿಸಿ ಬಾಗಿಲಿಗೆ ಹೋದಳು. ಅಷ್ಟರಲ್ಲಿ ಚಿಕ್ಕಿ ಕೆಮ್ಮುತ್ತಾ ಒಳಗೆ ಬಂದಳು. ಜೋಜೋ ಅವಳ ರಟ್ಟೆ ಹಿಡಿದು ನಿಲ್ಲಿಸಿ, ಕಂಕುಳಲ್ಲಿ ಕಡ್ಡಿ ಇಟ್ಟಳು. ನಮ್ಮ ಬಾಗಿಲಲ್ಲಿ, ಎಲ್ಲರೆದುರು, ಮಕ್ಕಳಲ್ಲದವರಿಗೆ ಕಡ್ಡಿ ಇಟ್ಟದ್ದು ಅದೇ ಮೊದಲು.

"ಗೆರೆ ದಾಟಿದೆ. ನಡಿ ಮನೆಗೆ."

"ಅಕ್ಕಾ, ನಮ್ಮಮ್ಮನ್ನ ನೋಡೋಕೆ ಹೋಗೋ ರಜೆ ಕಮ್ಮಿ ಆಗತ್ತೆ..."

"ಆಗಲ್ಲ ಕಣೇ. ಅದು ಬೇರೆ ಇದೆ, ಅದನ್ನ ಯಾರೂ ಮುಟ್ಟಲ್ಲ. ಹೋಗಿ ಮಲಕ್ಕೋ. ಆಮೇಲೆ ಅಮ್ಮನ್ನ ನೋಡ್ಕೊಂಡು ಬಾ, ತಡ ಮಾಡ್ಬೇಡ" ಎಂದಳು ಜೋಜೋ.

ಕೇಳುತ್ತಿರುವ ಅಪ್ಪ ಅಮ್ಮಂದಿರೇ, ನಾಳೆ ಮಗುವನ್ನು ಬಿಡಲು ಹೋದಾಗ ಬಾಗಿಲಲ್ಲೇ ಕೇಳಿ: ಮಗುವನ್ನು ನೋಡಿಕೊಳ್ಳುವವರು ಜ್ವರ ಬಂದರೆ ಸಂಬಳ ಹೋಗದೆ ಮಲಗಬಹುದೇ? ಕೇಂದ್ರ ನಡೆಸುವ ಅಕ್ಕ ತಮ್ಮಂದಿರೇ, ಕೆಲಸದವರನ್ನು ಜೊತೆಗೆ ಕೂರಿಸಿಕೊಂಡು ಎರಡೂ ರಜೆಯನ್ನು ಬೇರೆ ಬೇರೆ ಬರೆದು ಗೋಡೆಗೆ ಅಂಟಿಸಿ. ಮಕ್ಕಳನ್ನು ಎತ್ತಿಕೊಳ್ಳುವವರೇ, ಬಾಯಿಬಿಟ್ಟು ಕೇಳಿ. ಇದು ಭಿಕ್ಷೆಯಲ್ಲ.

ನಿಮ್ಮಕ್ಕ ಎಲ್ಲಿ ಹೋಗ್ತಾಳೆ ಎಂದು ನಾನು ಕೇಳಿದ್ದೆ. ನೀವು ಯಾರನ್ನೂ ಹಾಗೆ ಕೇಳಬೇಡಿ.