ಅಮಾವಾಸ್ಯೆಯ ಮರುದಿನದ ಕೀಬೋರ್ಡ್

ಶಾಂತಾದೇವಿಯವರ ಅರ್ಜಿಗೆ ಅಂದೇ ಕೊನೆಯ ದಿನ, ನಾಲ್ಕು ಗಂಟೆಗೆ ಮುಚ್ಚುವುದಿತ್ತು. ಅಂಗನವಾಡಿ ಸಹಾಯಕಿಯ ಕೆಲಸ. ಕಕ್ಕೇರಾದಿಂದ ಬಸ್ಸು ಹಿಡಿದು ಸುರಪುರದ ನಮ್ಮ ಆನ್‌ಲೈನ್ ಅರ್ಜಿ ತುಂಬುವ ಅಂಗಡಿಗೆ ಬರುವಷ್ಟರಲ್ಲಿ ಮೂರೂ ಹತ್ತಾಗಿತ್ತು. ಅಮಾವಾಸ್ಯೆಯ ಮರುದಿನವೆಂದು ನಾವು ಬಾಗಿಲು ತೆರೆದದ್ದೂ ಮೂರಕ್ಕೇ. ನಾನು ಅವರ ಹೆಸರು ಹೊಡೆದೆ. ಪರದೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ. ಮೌಸ್ ಆಡಿಸಿದರೆ ಬಾಣವೂ ಅಲ್ಲಾಡಲಿಲ್ಲ.

ವೈರ್ ಇಲ್ಲದ ಕೀಬೋರ್ಡ್ ಅದು. ಸೆಲ್ ಬದಲಿಸಿದೆ. ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಹಚ್ಚಿದೆ. ಬಗ್ಗಿ ನೋಡಿದರೆ ಅದರ ಸಂಕೇತ ಹಿಡಿಯುವ, ಉಗುರಿನಷ್ಟು ಸಣ್ಣ ರಿಸೀವರ್ ಹಿಂದುಗಡೆ ತನ್ನ ಜಾಗದಲ್ಲೇ ಕೂತಿತ್ತು.

"ಎಂಟನೇ ಕ್ಲಾಸಿಗೆ ಸಾಲಿ ಬಿಟ್ಟವನಿಗೆ ಇದು ತಿಳಿತೈತೇನು? ಶಹಾಪುರದ ಡಿಪ್ಲೊಮಾದವನಿಗೆ ಫೋನ್ ಹಚ್ಚತೀನಿ," ಎಂದರು ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಮಾಲೀಕ ವಿಶ್ವರಾಧ್ಯ.

"ಹಚ್ಚರಿ. ಅವ ಬರೂದ್ರಾಗ ಈ ಅಕ್ಕಾರ ನೌಕರಿ ಮತ್ತೊಬ್ಬರದಾಗಿರತೈತಿ," ಎಂದೆ.

ಸಿಟ್ಟಿನಲ್ಲಿ ಅದೇ ಹೆಸರನ್ನು ಮತ್ತೆ ಮತ್ತೆ ಕುಟ್ಟಿದೆ.

ನನ್ನ ಜೊತೆ ಕೆಲಸ ಮಾಡುವ ಶಿವರಂಜನಿ ಝೆರಾಕ್ಸ್ ಮುಗಿಸಿ ಬಂದು ಪಕ್ಕದ ತನ್ನ ಕಂಪ್ಯೂಟರಿನ ಮುಂದೆ ಕೂತಳು. "ಯಣ್ಣಾ, ಏನಿದು? ಶನಿವಾರ ತೆರೆದಿಟ್ಟ ಸಗರದ ಸಂಗಣ್ಣನ ಪಹಣಿ ಅರ್ಜಿಯೊಳಗ ಶಾಂತಾದೇವಿ, ಶಾಂತಾದೇವಿ ಅಂತ ಏಳು ಸಲ ಬಂದೈತಿ. ಅವನ ಹೆಂಡತಿಗೆ ಗೊತ್ತೈತೇನು?"

ಶಾಂತಾದೇವಿ ಸೆರಗು ಬಾಯಿಗಿಟ್ಟು ನಕ್ಕರು. ಮರುಗಳಿಗೆ ಗಡಿಯಾರ ನೋಡಿದರು.

ನನ್ನ ಸಿಟ್ಟು ಅಲ್ಲೇ ನಿಂತಿತು. ನನ್ನ ಅಕ್ಷರಗಳು ಅವಳ ಪರದೆಗೆ ಹೋಗಿದ್ದು ಹೇಗೆ?

"ರಂಜನಿ, ನಿನ್ನ ಕೀಬೋರ್ಡಿನ್ಯಾಗ ಒಂದಕ್ಷರ ಹೊಡಿ."

ಹೊಡೆದಳು. ನನ್ನ ಪರದೆಯ ಮೇಲೆ ಬಂತು.

"ಇನ್ನೊಂದು."

ಅದೂ ಬಂತು. ಶನಿವಾರದವರೆಗೆ ಎಲ್ಲ ನೆಟ್ಟಗಿತ್ತು. ನಿನ್ನೆ ಅಮಾವಾಸ್ಯೆ, ಮಾಲೀಕರೊಬ್ಬರೇ ಬಂದು ಪೂಜೆ ಮಾಡಿ ಹೋಗಿದ್ದರು.

"ಸಾವ್ಕಾರ್ರ, ನಿನ್ನಿ ಪೂಜಾದಾಗ ಹಿಂದಿಂದು ಏನರ ಕಿತ್ತಿದ್ರೇನ್ರಿ?"

"ಕಿತ್ತಿಲ್ಲೋ. ಕಂಪ್ಯೂಟರಿನ ಹಿಂದಿನ ಆ ಎರಡು ಸಣ್ಣ ಗುಂಡಿ ತಗದು, ಒರಸಿ, ವಿಭೂತಿ ಹಚ್ಚಿ ತಾಟಿನ್ಯಾಗ ಇಟ್ಟಿದ್ದೆ. ಮಂಗಳಾರತಿ ಆದಮ್ಯಾಲ ವಾಪಸ್ ಹಾಕೀನಿ. ಎರಡೂ ಒಂದ ನಮೂನಿ ಅದಾವಲ್ಲ?"

"ನೋಡಾಕ ಒಂದ ನಮೂನಿರಿ. ಆದ್ರ ಒಂದೊಂದು ತನ್ನ ಕೀಬೋರ್ಡಿನ ಮಾತಷ್ಟ ಕೇಳತಾವ."

ಅವನ್ನು ಅದಲುಬದಲು ಮಾಡಲು ಗೋಡೆಗಂಟಿದ ಮೇಜನ್ನೇ ಎಳೆಯಬೇಕಿತ್ತು. ಮೂರೂ ನಲವತ್ತಾಗಿತ್ತು. ನನ್ನ ಕೀಬೋರ್ಡು, ಮೌಸನ್ನು ರಂಜನಿಯ ಮುಂದಿಟ್ಟು ಅವಳದನ್ನು ಎತ್ತಿಕೊಂಡೆ. ಹೆಸರು ಹೊಡೆದೆ. ಮೂಡಿತು. ಮೂರೂ ಐವತ್ತಾರಕ್ಕೆ ಅರ್ಜಿ ಹೋಯಿತು. ಅರ್ಜಿ ಮುಟ್ಟಿದ ಚೀಟಿಯನ್ನು ಶಾಂತಾದೇವಿ ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಚೀಲದೊಳಗೆ ಇಟ್ಟುಕೊಂಡರು.

ವಿಶ್ವರಾಧ್ಯರು ಶಹಾಪುರದ ಮಾತೆತ್ತಲಿಲ್ಲ. ಪೂಜೆಯ ತಾಟು ಹಿಡಿದು ಬಂದು ಒಂದು ಕೀಬೋರ್ಡಿಗೆ ವಿಭೂತಿ, ಇನ್ನೊಂದಕ್ಕೆ ಕುಂಕುಮ ಹಚ್ಚಿದರು. "ಈಗ ಗುರುತು ಸಿಗತೈತಿ. ಗುಂಡಿಗೂ ಹಂಗ ಹಚ್ಚೂಣು."

"ನಾಳಿಗೆ ಅಳಸಿ ಹೋಗತೈತ್ರಿ."

ಅವರು ತಾಟನ್ನು ಕೆಳಗಿಟ್ಟರು. "ಹಂಗಾರ ಮುಂದಿನ ಅಮಾಸಿಗೆ ನೀನೂ ಬಾ. ನಾ ಆರತಿ ಹಿಡೀತೀನಿ, ನೀ ಗುಂಡಿ ಹಿಡ್ಕೊಂಡು ನಿಂದ್ರು."