ನೆರಳು ತೆಗೆಯುವವರು

ಲೈಟಿನವರು ಬೆನ್ನ ಹಿಂದೆ ನನ್ನನ್ನು ಕತ್ತಲಮ್ಮ ಅನ್ನುತ್ತಾರೆ. ನನಗೆ ಗೊತ್ತಿದೆ, ಬೇಜಾರೇನೂ ಇಲ್ಲ. ಮೂವತ್ತೆರಡು ವರ್ಷದಿಂದ ಸಿನಿಮಾ ಕ್ಯಾಮೆರಾ ಹಿಡಿದಿದ್ದೇನೆ. ಹತ್ತು ದೀಪ ಬೇಕೆನ್ನುವ ಕಡೆ ಎರಡಿಟ್ಟು, ಅದರಲ್ಲೊಂದಕ್ಕೆ ಕಪ್ಪು ಬಟ್ಟೆ ಅಡ್ಡ ಕಟ್ಟುವವಳನ್ನು ಇನ್ನೇನೆಂದು ಕರೆದಾರು?

ಈ ಬುದ್ಧಿ ಕಲಿಸಿದ್ದು ನನ್ನ ಮೊದಲ ಸಿನಿಮಾ. ಸಾವಿನ ಮನೆಯ ದೃಶ್ಯ. ಯಾವುದಕ್ಕೂ ಇರಲಿ ಅಂತ ಮೂಲೆಮೂಲೆಗೂ ಒಂದಿಷ್ಟು ಬೆಳಕು ಬಿಟ್ಟಿದ್ದೆ. ಆಮೇಲೆ ಲ್ಯಾಬಿನಲ್ಲಿ ಕಪ್ಪಾಗಿಸಿಕೊಂಡರಾಯಿತು ಅಂದುಕೊಂಡಿದ್ದೆ. ನಾನು ಬೇರೆ ಕಡೆ ಶೂಟಿಂಗಿಗೆ ಹೋಗಿದ್ದಾಗ ಯಾರೋ ಪುಣ್ಯಾತ್ಮರು ಲ್ಯಾಬಿನಲ್ಲಿ ಆ ಬೆಳಕನ್ನೆಲ್ಲ ಎತ್ತಿ ಹೆಚ್ಚಿಸಿಬಿಟ್ಟರು. ತೆರೆಯ ಮೇಲೆ ಸಾವಿನ ಮನೆ ಮದುವೆ ಮನೆಯಾಗಿತ್ತು. ಅಂದಿನಿಂದ 'ಯಾವುದಕ್ಕೂ ಇರಲಿ' ಅನ್ನುವುದನ್ನೇ ಬಿಟ್ಟೆ. ಕತ್ತಲೆ ಬೇಕಿದ್ದರೆ ಚಿತ್ರ ತೆಗೆಯುವಾಗಲೇ ನಿಜವಾದ ಕತ್ತಲೆ. ಆಮೇಲೆ ಎತ್ತಲು ಅದರೊಳಗೆ ಏನೂ ಸಿಗಬಾರದು.

ಕಳೆದ ತಿಂಗಳು ಬಣ್ಣ ತಿದ್ದುವ ಕೋಣೆಯಲ್ಲಿ ಅದಕ್ಕೇ ರಗಳೆಯಾಯಿತು. ತೆರೆಯ ಮೇಲೆ ಎಪ್ಪತ್ತು ದಾಟಿದ ಹೆಂಗಸು ಕಿಟಕಿಯ ಪಕ್ಕ ಕೂತಿದ್ದಾಳೆ. ಎಂದೋ ಬಿಟ್ಟುಹೋದ ಗಂಡ ಸತ್ತನೆಂಬ ಸುದ್ದಿ ಈಗಷ್ಟೇ ಬಂದಿದೆ. ಒಂದು ಕೆನ್ನೆಗೆ ಬೆಳಕು, ಇನ್ನೊಂದು ಪೂರ್ತಿ ಕಪ್ಪು. ಕಣ್ಣ ಕೆಳಗೆ ಹಳ್ಳ. ಅವಳು ಅಳುತ್ತಿದ್ದಾಳೋ ಇಲ್ಲವೋ ಗೊತ್ತಾಗುವುದಿಲ್ಲ. ಇಡೀ ಸಿನಿಮಾದಲ್ಲಿ ನನ್ನದು ಅಂತ ಎದೆ ತಟ್ಟಿ ಹೇಳಬಹುದಾದದ್ದು ಆ ಒಂದೇ ಶಾಟ್.

ನಿರ್ಮಾಪಕರಿಗೆ ಅದು ಆಗಲಿಲ್ಲ. ಜನ ಬಸ್ಸಿನಲ್ಲಿ ಕೂತು ಫೋನಿನಲ್ಲಿ ನೋಡುತ್ತಾರೆ, ಅವರಿಗೆ ಏನು ಕಾಣುತ್ತದೆ ಎಂದು ಕೇಳಿದರು. ನಿರ್ದೇಶಕರು ಎರಡೂ ಸರಿಯೇ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಆ ಥರದ ಲೈಟಿಂಗ್ ನನಗೆ ಬರುವುದಿಲ್ಲ. ಬಣ್ಣ ತಿದ್ದುವವನು ನಿರ್ಮಾಪಕರ ಮಾತಿಗೆ ಗುಂಡಿ ತಿರುಗಿಸಿದ. ಕಪ್ಪು ಬೂದಿಯಾಯಿತು, ಬೂದಿಯ ತುಂಬ ಇರುವೆ ಹರಿದಂತೆ ಚುಕ್ಕಿಗಳು ಎದ್ದವು. ಕೆನ್ನೆ ಮಾತ್ರ ಸಿಗಲಿಲ್ಲ. ಇದರಲ್ಲಿ ಎತ್ತೋಕೆ ಏನೂ ಇಲ್ಲ ಎಂದು ಅವನು ಕೈಚೆಲ್ಲಿದ. ನನಗೆ ಒಳಗೊಳಗೇ ಖುಷಿಯಾಯಿತು.

"ನೆರಳು ತೆಗೆದ್ರೆ ತಾನೇ ಮುಖ ಚಂದ ಕಾಣೋದು?" ಎಂದರು ನಿರ್ಮಾಪಕರು.

ಈ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತ ಬಂದಿದ್ದೇನೆ. ನನ್ನ ಅಪ್ಪನಿಗೆ ಫೋಟೋ ಸ್ಟುಡಿಯೋ ಇತ್ತು. ನೆಗೆಟಿವ್ ಅನ್ನು ಗಾಜಿನ ಮೇಲಿಟ್ಟು, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲಿನಿಂದ ಮುಖದ ನೆರಳುಗಳನ್ನೆಲ್ಲ ತುಂಬುತ್ತಿದ್ದರು. ನೆಗೆಟಿವಿನಲ್ಲಿ ಕಪ್ಪಾಗಿಸಿದ್ದು ಫೋಟೋದಲ್ಲಿ ಬೆಳ್ಳಗೆ ಬರುತ್ತದೆ. ಗಿರಾಕಿಗಳು ಹತ್ತು ವರ್ಷ ಚಿಕ್ಕವರಾಗಿ ಮನೆಗೆ ಹೋಗುತ್ತಿದ್ದರು. ನನಗೆ ಆರು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅವಳದು ಅಂತ ಇರುವುದು ಒಂದೇ ಫೋಟೋ, ಅದಕ್ಕೂ ಅಪ್ಪನ ಪೆನ್ಸಿಲ್ ತಾಗಿತ್ತು. ಮೊಟ್ಟೆಯಂತೆ ನುಣುಪಾದ ಮುಖ. ನಾನು ಸಿಟ್ಟು ಮಾಡಿದಾಗಲೆಲ್ಲ ಸೋದರತ್ತೆ ಅದನ್ನೇ ತೋರಿಸಿ, ಇಂಥ ಹಸುವಿನಂಥವಳ ಹೊಟ್ಟೆಯಲ್ಲಿ ಈ ದೂರ್ವಾಸ ಹೇಗೆ ಹುಟ್ಟಿತು ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು.

ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ಜಗಳವೇ ಮಾತು. ಆಗುವುದಿಲ್ಲ ಎಂದೆ. ಹಾಗಿದ್ದರೆ ನಾಳೆಯೇ ಬೇರೆ ಕ್ಯಾಮೆರಾಮನ್ ಕರೆಸಿ ಈ ದೃಶ್ಯವನ್ನು ಮತ್ತೆ ತೆಗೆಸುತ್ತೇನೆ, ಸಿನಿಮಾದಲ್ಲಿ ನಿಮ್ಮ ಹೆಸರೂ ಇರುವುದಿಲ್ಲ ಎಂದರು ಅವರು.

"ಹೆಸರು ತೆಗೀರಿ ಸರ್, ಅದು ಸುಲಭ," ಎಂದೆ. "ನೆರಳು ನಾನು ಇಟ್ಟಿದ್ದು. ಅದು ನಿಮ್ಮ ಕೈಗೆ ಸಿಗಲ್ಲ."

ಪಕ್ಕದ ಕೋಣೆಯಲ್ಲಿ ಆ ನಟಿ ಡಬ್ಬಿಂಗಿಗೆ ಬಂದಿದ್ದರು. ಸೆಟ್ಟಿನಲ್ಲಿ ಎಲ್ಲರಿಗೂ ಅವರು ದೊಡ್ಡಮ್ಮ. ನಿರ್ಮಾಪಕರು ಅವರನ್ನೇ ಕರೆಸಿ, ನೀವೇ ನೋಡಿ ಹೇಳಿ, ಬೆಳ್ಳಗೆ ಮಾಡಿ ಇನ್ನೊಮ್ಮೆ ತೆಗೆಯೋಣವಾ ಎಂದು ಕೇಳಿದರು. ದೊಡ್ಡಮ್ಮ ಕನ್ನಡಕ ಒರೆಸಿಕೊಂಡು ಶಾಟನ್ನು ಎರಡು ಸಲ ಹಾಕಿಸಿ ನೋಡಿದರು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅವರು ಹೂಂ ಅಂದರೆ ಮುಗಿಯಿತು.

"ಚೂರೂ ಚೆನ್ನಾಗಿ ಕಾಣ್ತಿಲ್ಲ ನಾನು," ಎಂದರು. ನಿರ್ಮಾಪಕರ ಮುಖ ಅರಳಿತು. "ಅಲ್ಲಿ ಕೂತಿರೋದು ನಮ್ಮಮ್ಮ. ನಾನು ಇನ್ನೊಂದು ಸಲ ಕೂರಲ್ಲಪ್ಪ, ಬೇರೆ ಯಾರನ್ನಾದ್ರೂ ಕರ್ಕೊಂಡು ಬನ್ನಿ."

ಶಾಟ್ ಉಳಿಯಿತು. ಹೆಸರು ಹೋಯಿತು, ನಿರ್ಮಾಪಕರು ಆಡಿದ ಮಾತಿಗೆ ತಪ್ಪದ ಮನುಷ್ಯ. ಸಿನಿಮಾ ಬಿಡುಗಡೆಯಾದ ದಿನ ಟಿಕೆಟ್ ತೆಗೆದುಕೊಂಡು ಹೋಗಿ, ನನ್ನ ಹೆಸರಿರಬೇಕಾದ ಜಾಗದಲ್ಲಿ ಇನ್ನೊಬ್ಬನ ಹೆಸರು ಓದಿ, ಆ ಕತ್ತಲೆಯನ್ನು ಕಣ್ಣು ತುಂಬ ನೋಡಿ ಬಂದೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ತಲೆಯಲ್ಲಿ ಕೊರೆಯುತ್ತಿದ್ದದ್ದು ದೊಡ್ಡಮ್ಮನ ಮಾತು. ಅವರು ತಮ್ಮ ಅಮ್ಮನನ್ನು ನೋಡಿದರು. ನನಗೆ ನನ್ನ ಅಮ್ಮನ ನಿಜವಾದ ಮುಖ ನೆನಪೇ ಇಲ್ಲ, ಅಪ್ಪನ ಪೆನ್ಸಿಲನ್ನು ನೋಡಿದ್ದೇನೆ ಅಷ್ಟೆ.

ಅಮ್ಮನ ನೆಗೆಟಿವ್ ಬೀರುವಿನಲ್ಲಿತ್ತು. ಟರ್ಪೆಂಟೈನಿನಲ್ಲಿ ಹತ್ತಿ ಅದ್ದಿ ಉಜ್ಜಿದರೆ ಪೆನ್ಸಿಲ್ ಬಿಟ್ಟುಕೊಳ್ಳುತ್ತದೆ ಎಂದು ನನಗೆ ಮೊದಲಿನಿಂದ ಗೊತ್ತು. ಅಪ್ಪನ ಕೈಗೆಲಸ ಅಳಿಸಲು ಇಷ್ಟು ವರ್ಷ ಮನಸ್ಸು ಬಂದಿರಲಿಲ್ಲ. ಮರುದಿನ ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಅದನ್ನಿಟ್ಟು ಮೆಲ್ಲಗೆ ಒರೆಸಿದೆ. ಅಪ್ಪಾ ಕ್ಷಮಿಸು ಎನ್ನಲಿಲ್ಲ. ಹತ್ತಿ ಕಪ್ಪಾಯಿತು. ಫೋಟೋ ತೊಳೆಯುವ ರಾಸಾಯನಿಕದ ಹಳೆಯ ಡಬ್ಬಿಗಳನ್ನು ಹುಡುಕಿ, ಬಚ್ಚಲುಮನೆಯ ಬಾಗಿಲ ಸಂದಿಗೆ ಬಟ್ಟೆ ತುರುಕಿ, ನಾನೇ ಪ್ರಿಂಟ್ ಹಾಕಿದೆ.

ಟ್ರೇಯ ನೀರಿನಲ್ಲಿ ಮೊದಲು ಕೂದಲು ಬಂತು, ಆಮೇಲೆ ಕಣ್ಣು, ಕಣ್ಣ ಕೆಳಗಿನ ಹಳ್ಳ. ಕೊನೆಗೆ ಹುಬ್ಬುಗಳ ನಡುವೆ ಎರಡು ಆಳವಾದ ಗೆರೆಗಳು ಬಂದವು. ಹಸುವೂ ಅಲ್ಲ, ಎಂಥದೂ ಅಲ್ಲ. ಕ್ಯಾಮೆರಾದ ಹಿಂದೆ ನಿಂತಿದ್ದ ಅಪ್ಪನನ್ನು ಅಮ್ಮ ದುರುಗುಟ್ಟಿ ನೋಡುತ್ತಿದ್ದಳು.